ಅಥಾತೋ ಸಾಲ್ಸಾ ಜಿಜ್ಞಾಸಾ

ಮಂಗಳಾಚರಣೆಯನ್ನು ಬಿಟ್ಟಿದ್ದೇನೆ. ಈರುಳ್ಳಿ ಹೆಚ್ಚುತ್ತಿದ್ದುದರಿಂದ ಕಣ್ಣು ತೆರೆಯಲಾಗಲಿಲ್ಲ. ನೇರವಾಗಿ ಪದನಿಷ್ಪತ್ತಿಗೆ ಬರೋಣ.

ಸಾಲ್ಸಾ ಎಂಬುದು ಸ್ಪ್ಯಾನಿಷ್ ಪದ, ‘ಉಪ್ಪು ಹಾಕಿದ್ದು’ ಎಂಬ ಲ್ಯಾಟಿನ್ ಮೂಲದ್ದು ಎನ್ನುವುದು ಪೂರ್ವಪಕ್ಷ. ನಿಘಂಟುಕಾರರು ಇದನ್ನು ಒಪ್ಪುತ್ತಾರೆ, ಶ್ರೀನಿವಾಸಪುರದ ಮಾವಿನ ಮಂಡಿ ಒಪ್ಪುವುದಿಲ್ಲ. ಸುಗ್ಗಿ ಮುಗಿದ ಮೇಲೆ ಯಾವ ತೋಟದವರನ್ನಾದರೂ ‘ಈ ಸಲ ಏನುಳೀತಪ್ಪ?’ ಎಂದು ಕೇಳಿ. ‘ಸಾಲ, ಸಾ’ ಎನ್ನುತ್ತಾರೆ. ನಡುವಿನ ಅಕಾರ ಬಿದ್ದುಹೋಗಿ ಸಾಲ್ಸಾ. ಲೋಪಸಂಧಿಗೆ ಮುಂದೊಂದು ಸ್ವರ ಬೇಕಲ್ಲವೇ ಎಂದು ವ್ಯಾಕರಣದ ಮೇಷ್ಟ್ರು ಎದ್ದು ನಿಂತರೆ, ಆ ಸ್ವರ ಹರಾಜಿನ ಹೊತ್ತಿಗೇ ಉಡುಗಿಹೋಯಿತು ಎಂದು ಉತ್ತರಿಸತಕ್ಕದ್ದು.

ಇನ್ನು ದ್ರವ್ಯವಿಚಾರ. ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗು ಹತ್ತಿ ಇಲ್ಲಿಗೆ ಬಂದವು. ಮಾವು ನಮ್ಮ ಕಡೆಯಿಂದ ಹಡಗು ಹತ್ತಿ ಅಲ್ಲಿಗೆ ಹೋಯಿತು. ಕೊಟ್ಟು ತಂದ ಸಂಬಂಧ. ಯಾರ ಮನೆಯಲ್ಲಿ ಬಡಿಸಿದರೂ ದೋಷವಿಲ್ಲ.

ದೋರಗಾಯಿಯಾದ ತೋತಾಪುರಿ ಒಂದು, ಗಟ್ಟಿ ಟೊಮೆಟೊ ಎರಡು, ಈರುಳ್ಳಿ ಅರ್ಧ, ಹಸಿಮೆಣಸಿನಕಾಯಿ ಎರಡು, ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ರಸಪುರಿ ಅನರ್ಹ, ಚಾಕು ತೋರಿಸಿದರೆ ಸಾಕು, ಸೀಕರಣೆಯಾಗಿಬಿಡುತ್ತದೆ. ಎಲ್ಲವನ್ನೂ ಅವರೆಕಾಳಿನ ಗಾತ್ರಕ್ಕೆ ಹೆಚ್ಚಬೇಕು. ಟೊಮೆಟೊ ಒಳಗಿನ ಬೀಜ, ರಸ ಸಾರಿಗೆ ಹೋಗಲಿ. ಉಪ್ಪು ಬಡಿಸುವ ಗಳಿಗೆಯಲ್ಲಿ ಮಾತ್ರ. ಮೊದಲೇ ಹಾಕಿದರೆ ಹೋಳುಗಳು ನೀರು ಬಿಟ್ಟು ಬಟ್ಟಲು ಕೆರೆಯಾಗುತ್ತದೆ. ಕೋಲಾರ ಜಿಲ್ಲೆಯಲ್ಲಿ ಕೇಳದೆ ನೀರು ಬಿಡುವ ವಸ್ತು ಇದೊಂದೇ. ಕೊಳವೆಬಾವಿ 1,500 ಅಡಿ ಇಳಿದರೂ ಬಿಡುವುದಿಲ್ಲ.

ನಮ್ಮಮ್ಮನ ಆಕ್ಷೇಪ: ‘ಹೆಸರುಬೇಳೆ ಮರೆತ ಕೋಸಂಬರಿಗೆ ಇಷ್ಟುದ್ದ ಪುರಾಣವೇನೋ? ಒಗ್ಗರಣೆ ಎಲ್ಲಿ?’ ಒಗ್ಗರಣೆಯಿಂದ ಸಾಲ್ಸಾತ್ವಕ್ಕೆ ಹಾನಿ ಎಂದು ನಾನು ವಾದ ಹೂಡಿದೆ. ಅಷ್ಟರಲ್ಲಿ ಸಾಸಿವೆ ಸಿಡಿಯಿತು. ಇಂಗಿನ ಘಮಲಿನ ಮುಂದೆ ಯಾವ ಶಾಸ್ತ್ರವೂ ನಿಲ್ಲದು. ನಂಚಿಕೊಳ್ಳಲು ಮೆಕ್ಸಿಕೋದವರು ಜೋಳದ ಚಿಪ್ಸ್ ಹೇಳುತ್ತಾರೆ; ನಿಪ್ಪಟ್ಟೇ ಪ್ರಶಸ್ತ. ಮುಳಬಾಗಿಲಿನವರು ದೋಸೆ ಎನ್ನಬಹುದು. ಅವರು ಎಲ್ಲಕ್ಕೂ ದೋಸೆ ಎನ್ನುವವರೇ.

ಗ್ರಂಥಸ್ಥವಾಗದ ಇನ್ನೊಂದು ಪಾಠಭೇದವಿದೆ: ರಸ್ತೆ ಸಾಲ್ಸಾ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತ ಕಾಲವದು. ಬೆಲೆ ಬಿದ್ದ ವರ್ಷ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಹೆಚ್ಚುವ ಕೆಲಸ ಲಾರಿ ಚಕ್ರದ್ದು. ಮಾವಿನ ಭಾಗವೂ ಹೀಗೆಯೇ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆಯಿತು. ತಿರುಳು ತೆಗೆಯುವ ಕಾರ್ಖಾನೆಗಳು ಗಡಿಯಾಚೆ, ಕಾಯಿ ಈಚೆ. ಶ್ರೀನಿವಾಸಪುರ ಬಂದ್ ಆಯಿತು. ಆ ವಾರ ಬೆಂಗಳೂರಿನ ಹೋಟೆಲುಗಳಲ್ಲಿ ಮಾವಿನ ಸಾಲ್ಸಾದ ಬೆಲೆ ಇಳಿಯಿತೆಂದು ಯಾವ ಶಾಸನವೂ ಹೇಳುವುದಿಲ್ಲ.

ಓದುಗರಲ್ಲಿ ಒಂದು ಮನವಿ. ಜೂನ್, ಜುಲೈನಲ್ಲಿ ಶ್ರೀನಿವಾಸಪುರದ ಕಡೆ ಹೋದರೆ ಗಾಡಿ ನಿಲ್ಲಿಸಿ ಎರಡು ಕೆಜಿ ತೋತಾಪುರಿ ಕೊಳ್ಳಿ. ಚೌಕಾಸಿ ಮಾಡಬೇಡಿ, ಸಾ.