ನೀರು ನೋಡಿ ಮಾರ್ಕು

ಬೀದರಿನ ನೌಬಾದದ ಚಹಾದಂಗಡಿಯಲ್ಲಿ ಈಚೆಗೆ ಹಳೆ ಸಿನಿಮಾಗಳದೇ ಮಾತು. ಮೊಬೈಲಿನಲ್ಲಿ ರಾತ್ರಿ ನೋಡಿದ್ದಕ್ಕೆ ಬೆಳಿಗ್ಗೆ ಇಲ್ಲಿ ವಿಮರ್ಶೆ. ಅಳತೆಗೋಲು ಮಾತ್ರ ಒಂದೇ, ನೀರು.

ಮೊದಲ ಸರದಿ ಎಂ.ಎಸ್. ಸತ್ಯು ಅವರ ‘ಬರ’ (1982) ಚಿತ್ರದ್ದು. ಕತೆ ಯು.ಆರ್. ಅನಂತಮೂರ್ತಿಯವರದು, ಚಿತ್ರೀಕರಣ ಬೀದರ್ ಸೀಮೆಯದು. ಜಿಲ್ಲೆಯನ್ನು ಬರಪೀಡಿತ ಎಂದು ಸರ್ಕಾರದ ಬಾಯಿಂದ ಹೇಳಿಸುವಷ್ಟರಲ್ಲಿ ಜಿಲ್ಲಾಧಿಕಾರಿ ಅನಂತನಾಗ್ ಅವರ ಗಂಟಲೇ ಒಣಗುತ್ತದೆ. ಚಿತ್ರ ಹಿಂದಿಯಲ್ಲಿ ‘ಸೂಖಾ’ ಎಂದೂ ತಯಾರಾಯಿತು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅಂಗಡಿಯ ಹಿರಿಯರಿಗೆ ಇದಾವುದೂ ಮುಖ್ಯವಲ್ಲ.

“ಕಾಕಾ, ಅನಂತನಾಗ್ ಹೆಂಗ ಮಾಡ್ಯಾನ್ರೀ?”

“ಅದಿರ್ಲಿ, ಅವನ ಹಿಂದ ಕಾಣ್ತದಲ್ಲ, ಆ ಹೊಲ ಯಾರದ ಹೇಳು ಮೊದಲ!”

ಇಂಥ ಬರದ ಚರ್ಚೆ ನಡೆಯುವ ನೆಲದಡಿಯಲ್ಲೇ ಬಹಮನಿ ಕಾಲದ ಸುರಂಗ ಬಾವಿ ಇದೆ. ಅದು ಪರ್ಶಿಯಾದ ತಂತ್ರ; ಮೋಟಾರು, ಮೀಟರು, ಬಿಲ್ಲು ಯಾವುದೂ ಇಲ್ಲದೆ ಇಳಿಜಾರಿನಲ್ಲಿ ನೀರು ತಾನೇ ಹರಿಯುವಂತೆ ತೋಡಿದ್ದು. ನೆಲ ತೋಡಿ ನೀರು ತಂದ ಊರಾದ್ದರಿಂದ ‘ಬಂಗಾರದ ಮನುಷ್ಯ’ದಲ್ಲಿ (1972) ಬಂಡೆ ಒಡೆಯುವ ರಾಜಕುಮಾರ್ ಅವರಿಗೆ ಇಲ್ಲಿ ಪೂರ್ತಿ ಮಾರ್ಕು.

ಜಗಳ ಹತ್ತಿದ್ದು ‘ಶೋಲೆ’ಗೆ (1975). ಶೂಟಿಂಗ್ ನಮ್ಮ ರಾಮನಗರದ್ದೇ, ತಕರಾರಿಲ್ಲ. ಆದರೆ ಠಾಕೂರರ ಮನೆಯಲ್ಲಿ ದೀಪ ಹಚ್ಚಿ ಆರಿಸುವ ಕೆಲಸ ಜಯಾ ಭಾದುರಿಯದು. ಕರೆಂಟಿಲ್ಲದ ಊರಿನಲ್ಲಿ ಧರ್ಮೇಂದ್ರ ಹತ್ತುವ ಎತ್ತರದ ಟಾಕಿಗೆ ನೀರು ಏರಿಸಿದವರು ಯಾರು? ಗಬ್ಬರನಿಗೂ ಹೊಳೆಯದ ಪ್ರಶ್ನೆ. ಕೊನೆಗೆ ಧರ್ಮೇಂದ್ರನ ಅಭಿಮಾನಿಯೊಬ್ಬ ವಾದಕ್ಕಿಳಿದ: “ಏರಿದಾಂವ ಕುಡಿದಿದ್ದಲ್ರೀ, ಟಾಕ್ಯಾಗ ನೀರು ಅದಾವೋ ಇಲ್ಲೋ ಅವನಿಗೇನು ಗೊತ್ತು?”