ಪರೋಕ್ಷವಾಗಿ ಸಹಕರಿಸಿದವರು

ನಮ್ಮಲ್ಲಿ ಯಾವ ಸಮಾರಂಭವೇ ಇರಲಿ, ವಂದನಾರ್ಪಣೆ ಶುರುವಾಗುವುದಕ್ಕೂ ಸಭಿಕರು ಚಪ್ಪಲಿ ಹುಡುಕಲು ಏಳುವುದಕ್ಕೂ ಮುಹೂರ್ತ ಒಂದೇ. ಚೀಟಿ ಹಿಡಿದು ಮೈಕಿನ ಮುಂದೆ ನಿಂತವನ ಪಾಡು ಯಾರಿಗೂ ಬೇಡ. ಅಧ್ಯಕ್ಷರು, ಉದ್ಘಾಟಕರು, ಅಮೂಲ್ಯ ಸಮಯವನ್ನು ಬದಿಗೊತ್ತಿ ಬಂದ ಮುಖ್ಯ ಅತಿಥಿಗಳು, ಶಾಮಿಯಾನದವರು, ಧ್ವನಿವರ್ಧಕದವರು, ಪತ್ರಿಕಾ ಮಿತ್ರರು ಎಂದು ಓದುತ್ತ ಓದುತ್ತ ಅವನು ಕೊನೆಗೆ ಬಂದು ನಿಲ್ಲುವುದು ಒಂದೇ ವಾಕ್ಯಕ್ಕೆ: ‘ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ.’ ಪ್ರತ್ಯಕ್ಷದವರಿಗೆ ಹಾರ, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಸಿಕ್ಕಿರುತ್ತದೆ. ಪರೋಕ್ಷದವರು ಆ ಹೊತ್ತಿಗೆ ಕುರ್ಚಿ ಮಡಚುತ್ತಿರುತ್ತಾರೆ; ತಮಗೇ ವಂದನೆ ಸಲ್ಲುತ್ತಿದೆ ಎಂಬುದು ಕುರ್ಚಿಯ ಸದ್ದಿನಲ್ಲಿ ಅವರಿಗೆ ಕೇಳಿಸುವುದೂ ಇಲ್ಲ.

ನನಗೆ ಇಂಥವರ ಸಾಲ ತುಸು ಹೆಚ್ಚೇ ಇದೆ. ಸಾಗರದ ಸೀಮೆಯಲ್ಲಿ ಬೆಳೆದವರಿಗೆ ಅಡಿಕೆ ರೇಟು ಮತ್ತು ಮಳೆಯ ವಿಷಯ ಮುಗಿದ ಮೇಲೆ ನಾಲ್ಕು ಜನ ಸೇರಲು ಎರಡೇ ನೆಪ: ಬಯಲಲ್ಲಿ ಆಟ, ಕಾಲೇಜಿನಲ್ಲಿ ನಾಟಕ. ಈ ಎರಡರಲ್ಲೂ ನಾನು ಹೆಸರು ಮಾಡಲಿಲ್ಲ. ಆದರೆ ಎರಡರಿಂದಲೂ ಸಿಕ್ಕ ಜನ ಎಂಥವರೆಂದರೆ, ನೆಂಟರನ್ನು ಹೀಗೆ ಆರಿಸಿಕೊಳ್ಳುವ ಅನುಕೂಲ ಇದ್ದಿದ್ದರೆ ಮದುವೆಮನೆಗಳಲ್ಲಿ ಇಷ್ಟೊಂದು ಜಗಳ ಇರುತ್ತಿರಲಿಲ್ಲ.

ಬೆಳಗಿನ ಹೊತ್ತು ನಮ್ಮದು ಬಾಲ್ ಬ್ಯಾಡ್ಮಿಂಟನ್. ತಂಜಾವೂರಿನ ಅರಮನೆಯಲ್ಲಿ ಹುಟ್ಟಿತು ಎಂದು ಹೇಳುವ ಈ ಆಟ ದಕ್ಷಿಣದ ಊರುಗಳ ಬಯಲಿನಲ್ಲೇ ಉಳಿದುಕೊಂಡಿತು. ಒಲಿಂಪಿಕ್ಸ್ ಅದನ್ನು ಕೇಳಲಿಲ್ಲ, ಅದೂ ಒಲಿಂಪಿಕ್ಸನ್ನು ಕೇಳಲಿಲ್ಲ. ಹಳದಿ ಉಣ್ಣೆಯ ಚೆಂಡು, ತೂಕ 30 ಗ್ರಾಂ ಮೀರುವುದಿಲ್ಲ. 24 ಮೀಟರ್ ಉದ್ದದ ಅಂಕಣ. ಬಲೆಯ ಆಚೆ ಐವರು, ಈಚೆ ಐವರು. ಈಚೆಯ ಐವರಲ್ಲಿ ಒಬ್ಬರು ನಿವೃತ್ತ ಪೋಸ್ಟ್‌ಮಾಸ್ಟರು, ಒಬ್ಬರು ಬಸ್‌ಸ್ಟ್ಯಾಂಡಿನ ಎದುರಿನ ಟೈಲರು, ಒಬ್ಬರು ಅಡಿಕೆ ಮಂಡಿಯ ಗುಮಾಸ್ತರು, ಒಬ್ಬರು ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು. ಐದನೆಯವನು ಕಾಲೇಜು ಹುಡುಗನಾದ ನಾನು. ಪೇಟೆಯಲ್ಲಿ ಎದುರಾದರೆ ಟೈಲರು ಪೋಸ್ಟ್‌ಮಾಸ್ಟರಿಗೆ ‘ನಮಸ್ಕಾರ ಸಾರ್’ ಎಂದು ಸೈಕಲ್ ಇಳಿಯುತ್ತಿದ್ದರು. ಅಂಕಣದೊಳಗೆ ಅದೇ ಟೈಲರು ಅದೇ ಪೋಸ್ಟ್‌ಮಾಸ್ಟರಿಗೆ, ‘ಎಂತದು ಮಾರಾಯ್ರೇ, ಕಾಗದ ಹಂಚಿದ ಹಾಗೆ ನಿಧಾನ ಹೊಡೀತೀರಿ!’ ಎಂದು ಗದರುತ್ತಿದ್ದರು. ಪೋಸ್ಟ್‌ಮಾಸ್ಟರು ತಲೆ ತಗ್ಗಿಸಿ ಮುಂದಿನ ಚೆಂಡಿಗೆ ಕಾಯುತ್ತಿದ್ದರು. ನಾಗರಿಕ ಸಮಾನತೆಯ ಪಾಠವನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ.

ಉಣ್ಣೆಯ ಚೆಂಡಿಗೆ ಮಲೆನಾಡಿನ ಮಳೆ ಆಗಿಬರುವುದಿಲ್ಲ. ನೆನೆದರೆ ಭಾರವಾಗುತ್ತದೆ, ಹೊಡೆದರೆ ನೀರು ಕಾರುತ್ತದೆ, ಬ್ಯಾಟಿನ ನರ ಕಿತ್ತುಬರುತ್ತದೆ. ಜೂನ್ ಬಂದರೆ ಆಟ ನಿಲ್ಲಿಸುವುದು ಲೋಕರೂಢಿ. ನಮ್ಮ ಟೈಲರು ನಿಲ್ಲಿಸಲು ಬಿಡುತ್ತಿರಲಿಲ್ಲ. ನೆನೆದ ಚೆಂಡುಗಳನ್ನೆಲ್ಲ ಚೀಲದಲ್ಲಿ ಮನೆಗೆ ಒಯ್ದು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಹರವಿ, ಹೊಳವಾದ ದಿನ ಹೊಗೆಯ ವಾಸನೆಯ ಸಮೇತ ವಾಪಸು ತರುತ್ತಿದ್ದರು. ಹರಿದ ಬಲೆಗೆ ಅವರ ಅಂಗಡಿಯ ದಾರ, ಅವರದೇ ಗಂಟು. ಆ ಬಲೆಯಲ್ಲಿ ಮೂಲ ಬಲೆಯ ಅಂಶ ಎಷ್ಟು ಉಳಿದಿತ್ತು ಎಂಬುದು ತತ್ವಶಾಸ್ತ್ರದವರಿಗೆ ಬಿಡಬೇಕಾದ ಪ್ರಶ್ನೆ. ದಸರಾ ಪಂದ್ಯದಲ್ಲಿ ನಾವು ಗೆದ್ದಾಗ ಸ್ಥಳೀಯ ಪತ್ರಿಕೆಯಲ್ಲಿ ತಂಡದ ನಾಯಕರ ಹೆಸರಿತ್ತು, ಬಹುಮಾನ ಕೊಟ್ಟವರ ಹೆಸರಿತ್ತು. ಬಚ್ಚಲೊಲೆಯ ಹೆಸರು ಎಲ್ಲೂ ಇರಲಿಲ್ಲ.

ಬಾಲ್ ಬ್ಯಾಡ್ಮಿಂಟನ್ ಸಜ್ಜನರ ಮುಂಜಾನೆಯಾದರೆ, ಹೊನಲು ಬೆಳಕಿನ ಕಬಡ್ಡಿ ಇಡೀ ಊರಿನ ರಾತ್ರಿ. ಗದ್ದೆ ಕೊಯ್ಲು ಮುಗಿದ ಮೇಲೆ ಬಯಲಿನ ನಾಲ್ಕು ಮೂಲೆಗೆ ಅಡಿಕೆ ಮರದ ಕಂಬ ನೆಟ್ಟು ದೀಪ ಕಟ್ಟಿದರೆಂದರೆ ಸುತ್ತಲಿನ ಹಳ್ಳಿಗಳಿಗೆ ನಿದ್ದೆ ಇಲ್ಲ. ಕಬಡ್ಡಿ ತಂಡಕ್ಕೆ 12 ಮಂದಿ. ಅಂಕಣದಲ್ಲಿ ಆಡುವವರು 7. ಉಳಿದ ಐವರು ಗೆರೆಯಾಚೆ ಸಾಲಾಗಿ ಕೂರುತ್ತಾರೆ. ಆಡುವವರ ವಾಚು, ಉಂಗುರ, ಸೊಂಟದ ದಾರದಿಂದ ಬಿಚ್ಚಿದ ತಾಯತ, ಪರ್ಸು, ಚಪ್ಪಲಿ ಎಲ್ಲ ಇವರ ಮಡಿಲಲ್ಲಿ. ನಮ್ಮ ತಂಡದಲ್ಲಿ ಕಾಯಂ ಬದಲಿ ಆಟಗಾರನಾಗಿದ್ದ ಒಬ್ಬ ಗೆಳೆಯನಿದ್ದ. ಅಂಕಣಕ್ಕೆ ಇಳಿದಿದ್ದಕ್ಕಿಂತ ಅಂಕಣದ ಪಕ್ಕ ಅವನು ಕೂಗಿದ್ದೇ ಹೆಚ್ಚು. ಎದುರಾಳಿಯ ದಾಳಿಗಾರ ಯಾವ ಕಾಲು ಮುಂದಿಡುತ್ತಾನೆ, ಬೋನಸ್ ಗೆರೆಗೆ ಎತ್ತ ಕಡೆಯಿಂದ ನುಗ್ಗುತ್ತಾನೆ ಎಂಬುದನ್ನು ಒಂದು ಪಂದ್ಯ ನೋಡಿದರೆ ಹೇಳುತ್ತಿದ್ದ. ‘ಬಲಗಾಲು ಬಲಗಾಲು!’ ಎಂದು ಅವನು ಕೂಗಿದರೆ ನಮ್ಮ ಮೂಲೆಯವನು ಕಣ್ಣು ಮುಚ್ಚಿ ಬಲಗಾಲಿಗೆ ಬೀಳುತ್ತಿದ್ದ. ಹಿಡಿತ ಸಿಕ್ಕರೆ ಜನ ಮೂಲೆಯವನನ್ನು ಹೆಗಲ ಮೇಲೆ ಹೊರುತ್ತಿದ್ದರು. ಇವನು ಅವನ ಚಪ್ಪಲಿ ಹೊರುತ್ತಿದ್ದ.

ಆ ರಾತ್ರಿಗಳ ಮೈಕಿನಣ್ಣನನ್ನೂ ಮರೆಯುವಂತಿಲ್ಲ. ಅಂಕ ಹೇಳುವುದು ಅವನ ಕೆಲಸದಲ್ಲಿ ಅತಿ ಚಿಕ್ಕ ಭಾಗ. ದಾಳಿಗಾರ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಐದು ಜನರ ನಡುವೆ ಸಿಕ್ಕಿಬಿದ್ದು ಪ್ರಾಣಕ್ಕೆ ಹೋರಾಡುತ್ತಿರುವಾಗ, ‘ಊಟದ ವ್ಯವಸ್ಥೆಗೆ ಅರ್ಧ ಕ್ವಿಂಟಾಲ್ ಅಕ್ಕಿ ನೀಡಿದ ದಾನಿಗಳಿಗೆ ಸಂಘದ ಪರವಾಗಿ ಹೃತ್ಪೂರ್ವಕ...’ ಎಂದು ಅವನು ಓದುತ್ತಿದ್ದ. ನನಗೆ ಆಗ ಅದು ರಸಭಂಗ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ, ಆಟದ ನಡುವೆಯೇ ಅಕ್ಕಿ ಕೊಟ್ಟವರನ್ನು ನೆನೆದ ಒಬ್ಬನೇ ಮನುಷ್ಯ ಅವನು.

ಇನ್ನು ನಾಟಕ. ನಮ್ಮ ಕಾಲೇಜಿನಿಂದ ಸ್ವಲ್ಪ ದೂರದಲ್ಲೇ ಹೆಗ್ಗೋಡು. 1949ರಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಕಟ್ಟಿದ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಮ್, ಅಡಿಕೆ ತೋಟದವರ ಊರಿಗೆ ಜಗತ್ತಿನ ನಾಟಕಗಳನ್ನು ಕರೆಸಿತು. 1985ರಿಂದ ಅದರ ‘ತಿರುಗಾಟ’ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತಿದೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟು ಹತ್ತಿರದಲ್ಲಿ ಇಂಥದ್ದು ಇದ್ದದ್ದರ ಪರಿಣಾಮ ನಮ್ಮ ಕಾಲೇಜಿನ ಮೇಲೆ ಏನಾಯಿತೆಂದರೆ, ಸಣ್ಣ ಪ್ರಹಸನ ಆಡುವುದಕ್ಕೆ ಯಾರಿಗೂ ಮನಸ್ಸೇ ಬರುತ್ತಿರಲಿಲ್ಲ. ಎತ್ತಿಕೊಂಡರೆ ಕಾರ್ನಾಡರ ‘ತುಘಲಕ್’ ಎತ್ತಿಕೊಳ್ಳಬೇಕು. 1964ರ ಆ ನಾಟಕದಲ್ಲಿ ದಿಲ್ಲಿಯ ಪ್ರಜೆಗಳು, ಅಮೀರರು, ಸೈನಿಕರು ಎಲ್ಲ ಬೇಕು. ತುಘಲಕ್ ಆಗಲು ಎಲ್ಲರೂ ತಯಾರು, ಸೈನಿಕರಾಗಲು ಯಾರೂ ಇಲ್ಲ. ಆಗ ನೆರವಿಗೆ ಬಂದದ್ದು ಕಬಡ್ಡಿ ತಂಡ.

ಕಬಡ್ಡಿ ತಂಡವನ್ನು ಸಾಲ ಕೊಟ್ಟ ಪಿ.ಟಿ. ಮೇಷ್ಟ್ರು ಹುಡುಗರ ಜತೆ ತಾವೂ ತಾಲೀಮಿಗೆ ಬರತೊಡಗಿದರು. ಹಿಂದಿನ ಬೆಂಚಿನಲ್ಲಿ ಸೀಟಿ ಕೊರಳಿಗೆ ಹಾಕಿಕೊಂಡು ಕೂರುತ್ತಿದ್ದರು. ಅವರ ಪ್ರಕಾರ ನಟನೆಯಲ್ಲಿ ಇರುವುದು ಒಂದೇ ನಿಯಮ, ಅದೂ ಹಳೆಯ ಕಬಡ್ಡಿಯದು: ಉಸಿರು ಬಿಟ್ಟವನು ಔಟ್. ಈಗ ದಾಳಿಗೆ 30 ಸೆಕೆಂಡಿನ ಗಡಿಯಾರ ಬಂದಿದೆ. ಅವರ ಕಾಲದಲ್ಲಿ ಎದೆಯೇ ಗಡಿಯಾರ. ಸುಲ್ತಾನನಾಗಿದ್ದವನು ಉದ್ದ ಮಾತಿನ ನಡುವೆ ಏದುಸಿರು ಬಿಟ್ಟರೆ ಹಿಂದಿನಿಂದ ಪೀಂ ಎಂದು ಸೀಟಿ. ‘ಮಧ್ಯದ ಗೆರೆಯಲ್ಲೇ ಸತ್ತೆಯಲ್ಲೋ! ಒಳಗೆ ಹೋಗಿ, ಮುಟ್ಟಿ, ವಾಪಸು ಬಾ.’ ನಿರ್ದೇಶಕರು ಮೊದಮೊದಲು ಸಿಡುಕಿದರು. ವಾರ ಕಳೆಯುವುದರಲ್ಲಿ ಅವರೂ ‘ಒಳಗೆ ಹೋಗಿ, ಮುಟ್ಟಿ, ವಾಪಸು ಬಾ’ ಎನ್ನತೊಡಗಿದರು. ಸಂಭಾಷಣೆ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸೂಚನೆಯನ್ನು ನಾನು ಆಮೇಲೆ ಯಾವ ರಂಗಶಿಬಿರದಲ್ಲೂ ಕೇಳಲಿಲ್ಲ.

ಸುಲ್ತಾನನ ಮಲತಾಯಿಯ ಪಾತ್ರ ಮಾಡುತ್ತಿದ್ದ ಹುಡುಗಿಯ ಮನೆಯಲ್ಲಿ ಸಂಜೆಯ ತಾಲೀಮಿಗೆ ಒಪ್ಪಿಗೆ ಸಿಕ್ಕಿದ್ದು ಅವಳ ಅಮ್ಮ ಜೊತೆಗೆ ಬರುವ ಕರಾರಿನ ಮೇಲೆ. ಅಮ್ಮ ಬಂದರು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಹತ್ತಿಯ ಡಬ್ಬಿ. ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಎಡ ಅಂಗೈಯಲ್ಲಿ ಹತ್ತಿಯ ಎಸಳು ಬಿಡಿಸಿ, ಬೂದಿ ಮುಟ್ಟಿದ ಬೆರಳಿನಿಂದ ತುದಿಯನ್ನು ಒಮ್ಮೆ ತಿರುವಿದರೆ ಒಂದು ಬತ್ತಿ. ಕಣ್ಣು ಹತ್ತಿಯ ಮೇಲೆ, ಕಿವಿ ದಿಲ್ಲಿಯ ದರ್ಬಾರಿನಲ್ಲಿ. ಕೆಲವೇ ದಿನಗಳಲ್ಲಿ ಅವರಿಗೆ ಮಗಳ ಮಾತಷ್ಟೇ ಅಲ್ಲ, ಇಡೀ ನಾಟಕ ಬಾಯಿಪಾಠ. ‘ಏ ತಮ್ಮಾ, ಅಲ್ಲಿ ಒಂದು ಮಾತು ನುಂಗಿದೆ ನೋಡು’ ಎಂದು ತಲೆಯೆತ್ತದೆಯೇ ತಿದ್ದುತ್ತಿದ್ದರು. ಅಧಿಕೃತ ಪ್ರಾಂಪ್ಟರ್ ಆಗಿದ್ದವನು ಪುಸ್ತಕ ಮಡಚಿಟ್ಟು ಬತ್ತಿಯ ಲೆಕ್ಕ ಬರೆಯುವ ಕೆಲಸಕ್ಕೆ ಇಳಿದ. ಪ್ರದರ್ಶನದ ದಿನ ಅಮ್ಮನಿಗೆ ಸಭಾಂಗಣದ ಮೂರನೆಯ ಸಾಲಿನಲ್ಲಿ ಗೌರವದ ಆಸನ ಕೊಟ್ಟೆವು. ಅಮೀರನೊಬ್ಬ ಮಾತು ಮರೆತು ಸೂರು ನೋಡತೊಡಗಿದಾಗ ಮೂರನೆಯ ಸಾಲಿನಿಂದ ಮಾತು ತೇಲಿ ಬಂತು, ಸ್ಪಷ್ಟವಾಗಿ, ಸರಿಯಾದ ಭಾವದೊಂದಿಗೆ. ಪ್ರೇಕ್ಷಕರು ಅದನ್ನು ಹೊಸ ಪ್ರಯೋಗ ಎಂದು ತಿಳಿದು ಚಪ್ಪಾಳೆ ಹೊಡೆದರು. ತೀರ್ಪುಗಾರರೊಬ್ಬರು ‘ಪ್ರೇಕ್ಷಕರನ್ನು ಒಳಗೊಳ್ಳುವ ಪರಿಣಾಮಕಾರಿ ತಂತ್ರ’ ಎಂದು ಷರಾ ಬರೆದರು.

ಬೆಳಕಿನ ವ್ಯವಸ್ಥೆಯೂ ಹೀಗೇ ಒಬ್ಬರ ಕೃಪೆ. ಡಿಮ್ಮರ್ ಬಾಡಿಗೆಗೆ ತರುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಊರಿನ ವೈರಿಂಗ್ ಕೆಲಸದ ಅಣ್ಣನೊಬ್ಬ ಉಪ್ಪುನೀರಿನ ಡಿಮ್ಮರ್ ಕಟ್ಟಿಕೊಟ್ಟ. ಮಣ್ಣಿನ ಗಡಿಗೆಯಲ್ಲಿ ಉಪ್ಪುನೀರು, ತಳದಲ್ಲಿ ಒಂದು ತಗಡು, ಮೇಲಿಂದ ಇಳಿಬಿಟ್ಟ ಇನ್ನೊಂದು ತಗಡು. ಮೇಲಿನದನ್ನು ಇಳಿಸಿದರೆ ರಂಗದ ಮೇಲೆ ಬೆಳಕು ಏರುತ್ತದೆ, ಎತ್ತಿದರೆ ಇಳಿಯುತ್ತದೆ. ಕರೆಂಟು ನೀರಲ್ಲೇ ಹರಿಯುವುದರಿಂದ ಹತ್ತಿರ ಹೋದವನು ನೇರ ಸ್ವರ್ಗದ ದರ್ಬಾರಿಗೆ. ಅಣ್ಣ ಯಾರನ್ನೂ ಹತ್ತಿರ ಬಿಡದೆ, ಒಣ ಹಲಗೆಯ ಮೇಲೆ ಹವಾಯಿ ಚಪ್ಪಲಿ ಮೆಟ್ಟಿ ನಿಂತು, ನಾಟಕ ಮುಗಿಯುವ ತನಕ ದಾರ ಹಿಡಿದಿದ್ದ. ಸುಲ್ತಾನನ ಮಾತು ಉದ್ದವಾದಂತೆ ನೀರು ಕಾದು ಹಬೆ ಎದ್ದು ಸೈಡ್ ವಿಂಗಿನಿಂದ ರಂಗಕ್ಕೆ ಹಾಯ್ದು ದೃಶ್ಯಕ್ಕೊಂದು ವಿಷಾದ ತುಂಬಿತು. ಉಪ್ಪು ಬಂದದ್ದು ಹಾಸ್ಟೆಲಿನ ಅಡುಗೆಮನೆಯಿಂದ. ಮರುದಿನ ಸಪ್ಪೆ ಸಾಂಬಾರು ಉಂಡ ಹುಡುಗರನ್ನೂ ಪರೋಕ್ಷವಾಗಿ ಸಹಕರಿಸಿದವರ ಪಟ್ಟಿಗೆ ಸೇರಿಸುವುದು ನ್ಯಾಯ. ಅಣ್ಣ ನಾಟಕದ ಮುಖ ನೋಡಿರಲಿಲ್ಲ. ‘ಹೇಗಿತ್ತು?’ ಎಂದರೆ, ‘ಬಲ್ಬು ಒಂದೂ ಹೋಗ್ಲಿಲ್ಲ’ ಎಂದ.

ದೊಡ್ಡವರ ಬದುಕಿನಲ್ಲೂ ಹೀಗೆ ದಾರ ಹಿಡಿದವರು ಇರುತ್ತಾರೆ. ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತರನ್ನು ಓದಲೆಂದು ಬನಾರಸಿಗೆ ಕಳಿಸಿದವರು ಗುಬ್ಬಿ ವೀರಣ್ಣ. ಕಂಪನಿಗೆ ಅದರಿಂದ ಲಾಭವಿರಲಿಲ್ಲ. ಒಬ್ಬ ಹುಡುಗ ಕೈಬಿಟ್ಟುಹೋದದ್ದೇ ಬಂತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ್ದು ಅದೇ ಹುಡುಗ. ನಮ್ಮಲ್ಲಿ ಯಾರೂ ಕಾರಂತರಾಗಲಿಲ್ಲ ನಿಜ. ಸುಲ್ತಾನ ಬ್ಯಾಂಕು ಸೇರಿದ, ಅಜೀಜನ ಪಾತ್ರ ಮಾಡಿದವನು ಗೊಬ್ಬರದಂಗಡಿ ಇಟ್ಟ, ಸೈನಿಕರಲ್ಲಿ ಒಬ್ಬ ನಿಜಕ್ಕೂ ಸೈನ್ಯ ಸೇರಿದ. ಟೈಲರಿಗಾಗಲಿ ಟಾರ್ಚಿನ ಅಮ್ಮನಿಗಾಗಲಿ ನಾವು ಏನಾದರೂ ಆಗುತ್ತೇವೆ ಎಂಬ ನಿರೀಕ್ಷೆಯೇ ಇರಲಿಲ್ಲ. ನನಗೆ ಅವರ ಮೇಲಿನ ಪ್ರೀತಿಗೆ ಕಾರಣವೂ ಅದೇ. ಮನೆಯವರು ಮಾರ್ಕ್ಸು ಕೇಳುತ್ತಿದ್ದರು, ಮೇಷ್ಟ್ರುಗಳು ಹಾಜರಾತಿ ಕೇಳುತ್ತಿದ್ದರು. ಇವರು ಕೇಳುತ್ತಿದ್ದದ್ದು ‘ನಾಳೆ ಬರ್ತೀಯಲ್ಲ?’ ಎಂದು ಮಾತ್ರ. ಅವರು ಮಾಡುತ್ತಿದ್ದ ಕೆಲಸವಾದರೂ ಎಂಥದು? ಸರಿಯಾಗಿ ಆದರೆ ಯಾರಿಗೂ ಕಾಣುವುದಿಲ್ಲ, ಆಗದಿದ್ದರೆ ಊರಿಗೆಲ್ಲ ಕಾಣುತ್ತದೆ.

ಈ ಸಾಲವನ್ನು ಕೊಟ್ಟವರಿಗೇ ತೀರಿಸುವ ದಾರಿಯಿಲ್ಲ. ಕೆಲವರು ಈಗಿಲ್ಲ, ಇರುವವರಿಗೆ ಹೋಗಿ ‘ತಮ್ಮಿಂದ ಉಪಕಾರವಾಯಿತು’ ಎಂದರೆ ‘ಕಾಫಿ ಕುಡೀತೀಯಾ?’ ಎಂದು ಮಾತು ತಿರುಗಿಸುತ್ತಾರೆ. ಹಾಗಾಗಿ ಈಚೆಗೆ ಭಾನುವಾರ ಬೆಳಿಗ್ಗೆ ನಾನು ಊರ ಹುಡುಗರ ಪಂದ್ಯಕ್ಕೆ ಗೆರೆ ಕಾಯಲು ಹೋಗುತ್ತೇನೆ. ಬಿಸಿಲಿಗೆ ಟೊಪ್ಪಿ ಹಾಕಿ, ಚೆಂಡು ಸುಣ್ಣದ ಗೆರೆಯ ಒಳಗೋ ಹೊರಗೋ ಎಂದು ಕೈಯೆತ್ತಿ ಹೇಳುವ ಕೆಲಸ. ಸರಿ ಹೇಳಿದಾಗ ಯಾರೂ ನನ್ನತ್ತ ನೋಡುವುದಿಲ್ಲ. ಗೆರೆ ಮುಟ್ಟಿದ ಚೆಂಡನ್ನು ಔಟ್ ಎಂದರೆ ಸಾಕು, ‘ಅಂಕಲ್, ಕನ್ನಡಕ ಬದಲಾಯಿಸಿ’ ಎಂದು ಇಡೀ ತಂಡ ಮೈಮೇಲೆ ಬರುತ್ತದೆ. ಬೈಸಿಕೊಂಡು ಮನೆಗೆ ಬರುತ್ತೇನೆ, ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ಇನ್ನೊಂದಿಷ್ಟು ವರ್ಷ ಹೀಗೇ ಬೈಸಿಕೊಂಡರೆ ಅಸಲು ಹಾಗಿರಲಿ, ಬಡ್ಡಿಯಾದರೂ ತೀರೀತು.