ಗೇರೊಂದಕ್ಕೆ 428 ರೂಪಾಯಿ

ಇಪ್ಪತ್ತೊಂದು ಗೇರಿನ ಸೈಕಲ್ಲಿಗೆ 8,999 ರೂಪಾಯಿ ಅಂದರೆ ಗೇರೊಂದಕ್ಕೆ 428 ರೂಪಾಯಿ ಚಿಲ್ಲರೆ ಬಿತ್ತು. ಕಾರಿನವರು ಐದಾರು ಗೇರು ಕೊಟ್ಟು ಹತ್ತು ಲಕ್ಷ ಕೀಳುತ್ತಾರೆ. ಲೆಕ್ಕ ಬರುವವನು ಇವೆರಡರಲ್ಲಿ ಯಾವುದನ್ನು ಕೊಳ್ಳುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರವರ್ತುಲ ರಸ್ತೆಯ ಆ ದೊಡ್ಡ ಅಂಗಡಿಯ ತಂಪಿನಲ್ಲಿ ನಿಂತು ಈ ಲೆಕ್ಕವನ್ನು ಹೆಂಡತಿಗೆ ವಿವರಿಸಿದೆ. ಊರೂರಲ್ಲೂ ಶಾಖೆಯಿರುವ, ಅಕ್ಕಿಬೇಳೆಯಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲವೂ ರಿಯಾಯಿತಿಯಲ್ಲೇ ಸಿಗುವ ಅಂಗಡಿ ಅದು. ಅವಳು ಕೇಳಿದ್ದು ಒಂದೇ: “ಮುರುಗೇಶಪಾಳ್ಯದಲ್ಲಿ ಬೆಟ್ಟ ಎಲ್ಲಿದೆ?” ಬೆಟ್ಟ ಇಲ್ಲದ್ದು ಸೈಕಲ್ಲಿನ ತಪ್ಪೇ?

ಬಿಲ್ ಹಾಕುವ ಹುಡುಗ, “ಫಿಟ್ಟಿಂಗ್ ಚಾರ್ಜ್ 500 ಸರ್, ಸಂಜೆಗೆ ರೆಡಿ” ಎಂದ. ನಾನು ಪೆಟ್ಟಿಗೆ ನೋಡಿದೆ. ಶೇಕಡಾ 85ರಷ್ಟು ಜೋಡಣೆ ಮುಗಿದಿದೆ ಎಂದು ಅದರ ಮೇಲೇ ಅಚ್ಚಾಗಿತ್ತು. ಉಳಿದ ಹದಿನೈದಕ್ಕೆ 500 ಎಂದರೆ ಪೂರ್ತಿ ಸೈಕಲ್ಲಿಗೆ 3,333 ರೂಪಾಯಿ ಕೂಲಿ ಬೀಳಬೇಕು. ಕಾರ್ಖಾನೆಯಲ್ಲೂ ಅಷ್ಟು ಕೂಲಿ ಬಿದ್ದಿರಲಿಕ್ಕಿಲ್ಲ! ಹಗಲು ದರೋಡೆ ಎಂದರೆ ಇದೇ. ಪೆಟ್ಟಿಗೆಯನ್ನು ಹಾಗೆಯೇ ಆಟೋಗೆ ಏರಿಸಿದೆ.

ನಾನು ಹಾಸನದ ಕಡೆಯ ಹಳ್ಳಿಯವನು. ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಬಾರಿನ ಕೆಳಗಿಂದ ಕಾಲು ತೂರಿಸಿ, ಒಳಪೆಡಲ್ ಹೊಡೆದು ಮಂಡಿ ತರಚಿಕೊಂಡ ತಲೆಮಾರಿನವನು. ನಮ್ಮೂರ ಸೈಕಲ್ ಶಾಪಿನಲ್ಲಿ ಸಾಬರು ಬಾಲ್ಸ್ ಬದಲಾಯಿಸುವುದನ್ನೂ ಕಡ್ಡಿ ಬಿಗಿಯುವುದನ್ನೂ ಕುಕ್ಕರುಗಾಲಿನಲ್ಲಿ ಕೂತು ಎಷ್ಟು ಸಂಜೆ ನೋಡಿದ್ದೇನೋ! ಅವರೇನೋ ಒಂದು ಸ್ಪ್ಯಾನರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ವಿದ್ಯೆಯನ್ನು ಕಣ್ಣಲ್ಲೇ ಕಲಿಯುವವರೂ ಇರುತ್ತಾರೆ.

ಪೆಟ್ಟಿಗೆ ಬಿಚ್ಚಿದೆ. ನಮ್ಮ ಕಾಲದ ಸೈಕಲ್ ಎಂದರೆ ಸ್ಟ್ಯಾಂಡು, ಕ್ಯಾರಿಯರ್, ಮಡ್‌ಗಾರ್ಡು, ಚೈನ್ ಕವರು, ಬೆಲ್ಲು ಎಲ್ಲ ಸಮೇತ. ಈಗ ಅವೆಲ್ಲ ಇಲ್ಲದಿರುವುದಕ್ಕೇ ದುಡ್ಡು. ತಳದಲ್ಲಿ ಕೈಪಿಡಿಯೊಂದಿತ್ತು. ಅದರಲ್ಲಿ ಪೋರ್ಚುಗೀಸ್ ಇತ್ತು, ಅರಬ್ಬಿ ಇತ್ತು, ಕನ್ನಡ ಇರಲಿಲ್ಲ. ಕರ್ನಾಟಕದಲ್ಲಿ ಮಾರುವ ವಸ್ತುವಿನ ಕೈಪಿಡಿಯಲ್ಲಿ ಕನ್ನಡ ಇಲ್ಲವೆಂದ ಮೇಲೆ ಅದನ್ನು ಓದುವುದು ಸ್ವಾಭಿಮಾನಕ್ಕೆ ಧಕ್ಕೆ. ಮಡಚಿ ಬಾಲ್ಕನಿಯ ಕುಂಡದಡಿ ಇಟ್ಟೆ. ಅದರಲ್ಲಿ ಇಂಗ್ಲಿಷೂ ಇತ್ತೆಂದು ಮಗಳು ನೆನಪಿಸಿದಳು. ಈಗಿನ ಮಕ್ಕಳಿಗೆ ನಾಡುನುಡಿಯ ಅಭಿಮಾನವಿಲ್ಲ.

ಜಾಗ ಉಳಿಸಲೆಂದು ಮುಂದಿನ ಫೋರ್ಕನ್ನು ಹಿಂದುಮುಂದಾಗಿ ತಿರುಗಿಸಿ ಪ್ಯಾಕ್ ಮಾಡಿರುತ್ತಾರಂತೆ. ಈ ‘ಅಂತೆ’ ನನ್ನ ಕಿವಿಗೆ ಬೀಳುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಕಂಪನಿಯವರು ಇಟ್ಟಂತೆಯೇ ಇರಲಿ ಎಂದು ಅದರ ಮೇಲೇ ಹ್ಯಾಂಡಲ್ ಕೂರಿಸಿ ಚಕ್ರ ಹಾಕಿದೆ. ಡಿಸ್ಕ್ ಬ್ರೇಕು ಎಡಗಡೆ ಹಿಂದಿರಬೇಕಾದದ್ದು ಬಲಗಡೆ ಮುಂದೆ ಬಂತು, ಅದರ ಕೇಬಲ್ಲು ಫ್ರೇಮಿನ ಕತ್ತಿಗೆ ಒಂದು ಸುತ್ತು ಹಾಕಿಕೊಂಡಿತು, ಮುಂದಿನ ಚಕ್ರ ಪೆಡಲ್ ಕೂರುವ ಜಾಗಕ್ಕೆ ತಾಗುವಷ್ಟು ಹತ್ತಿರ ಸರಿಯಿತು. “ಯಾಕೋ ಕುಗ್ಗಿದ ಹಾಗಿದೆ” ಎಂದಳು ಹೆಂಡತಿ. “ಸ್ಪೋರ್ಟ್ಸ್ ಮಾಡೆಲ್” ಎಂದೆ.

ಪೆಡಲ್ ಜೋಡಿಸುವ ಹೊತ್ತಿಗೆ ಎದುರುಮನೆಯ ರಾಯರು ಬಂದರು. ಜೀವಮಾನವೆಲ್ಲ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕಿರಣ್ ತರಬೇತಿ ವಿಮಾನ ಜೋಡಿಸಿದ ಕೈ. ಬಲಗಡೆಯ ಪೆಡಲ್ ಸಲೀಸಾಗಿ ಕೂತಿತು. ಎಡಗಡೆಯದು ಮೊಂಡು ಹಿಡಿಯಿತು. ನಲ್ಲಿಯಿಂದ ಉಪ್ಪಿನಕಾಯಿ ಜಾಡಿಯವರೆಗೆ ಲೋಕದಲ್ಲಿ ಎಲ್ಲವೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಬಿಗಿಯಾಗದಿದ್ದರೆ ನಮ್ಮ ಬಲ ಸಾಲದು ಎಂದೇ ಅರ್ಥ. ರಾಯರು ಒಳಹೋಗಿ ಎರಡಡಿ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿದರು. ಸನ್ನೆಗೋಲಿನ ತತ್ತ್ವ. ಇಬ್ಬರೂ ಸೇರಿ ಜಗ್ಗಿದೆವು. ಕಟಕ್ ಎಂದಿತು. ಪೆಡಲ್ ಸೊಟ್ಟಗೆ ಅರ್ಧ ಒಳಹೋಗಿ ನಿಂತಿತು.

ಆಗ ಮಗಳು ಫೋನಿನಿಂದ ತಲೆಯೆತ್ತದೆ ವರದಿ ಒಪ್ಪಿಸಿದಳು. ಎಡ ಪೆಡಲಿನ ಥ್ರೆಡ್ ಉಲ್ಟಾ. ಎಡಕ್ಕೆ ತಿರುಗಿಸಿದರೆ ಬಿಗಿ. ಮಾಮೂಲಿ ಥ್ರೆಡ್ ಇದ್ದರೆ ತುಳಿಯುತ್ತ ತುಳಿಯುತ್ತ ತಾನೇ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಈ ಏರ್ಪಾಡು. ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು 1900ರ ಹೊತ್ತಿಗೇ ತಮ್ಮ ಸೈಕಲ್ಲುಗಳಿಗೆ ಇದನ್ನು ಅಳವಡಿಸಿದ್ದರಂತೆ. ಅದೇ ಅಣ್ಣತಮ್ಮಂದಿರು 1903ರ ಡಿಸೆಂಬರ್ 17ರಂದು ವಿಮಾನ ಹಾರಿಸಿದರು. ಸೈಕಲ್ಲಿನವರು ವಿಮಾನ ಮಾಡಿದ ಈ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ವಿಮಾನದವರು ಸೈಕಲ್ ಮಾಡಿದ ಕಥೆ ನಮ್ಮ ಬಾಲ್ಕನಿಯಲ್ಲಿ ನಡೆದಿತ್ತು. “ವಿಮಾನದಲ್ಲೂ ಪೆಡಲ್ ಇರುತ್ತೆ, ಆದರೆ ಅದು ಸುತ್ತೋದಿಲ್ಲ” ಎಂದು ರಾಯರು ಗಾಂಭೀರ್ಯದಿಂದ ಹೇಳಿ ಪೈಪನ್ನು ಒರೆಸಿಟ್ಟರು.

ಇನ್ನು ಗೇರು. ಹಿಂದಿನ ಗೇರಿನ ಹತ್ತಿರ ಎರಡು ಪುಟ್ಟ ಸ್ಕ್ರೂ. ಒಂದರ ಪಕ್ಕ ‘ಎಚ್’, ಇನ್ನೊಂದರ ಪಕ್ಕ ‘ಎಲ್’. ಚೈನು ಅತಿ ಸಣ್ಣ ಹಲ್ಲುಚಕ್ರದಿಂದ ಆಚೆ ಹಾರದಂತೆ ಮೊದಲನೆಯದು ತಡೆಯುತ್ತದೆ. ಅತಿ ದೊಡ್ಡದನ್ನು ದಾಟಿ ಕಡ್ಡಿಗಳೊಳಗೆ ಬೀಳದಂತೆ ಎರಡನೆಯದು ಕಾಯುತ್ತದೆ. ಇದೂ ಆಮೇಲೆ ತಿಳಿದದ್ದೇ. ಆಗ ನಾವು ‘ಎಚ್’ ಎಂದರೆ ಹಾರ್ಡ್, ‘ಎಲ್’ ಎಂದರೆ ಲೂಸ್ ಎಂದು ತೀರ್ಮಾನಿಸಿ ಒಂದನ್ನು ಪೂರ್ತಿ ಬಿಗಿದು ಇನ್ನೊಂದನ್ನು ಪೂರ್ತಿ ಸಡಿಲಿಸಿದೆವು. ಹೆಸರಿಗೆ ತಕ್ಕಂತೆ ನಡೆದುಕೊಂಡರೆ ಯಾರಿಗೂ ನೋವಾಗುವುದಿಲ್ಲ. ಚೈನು ದೊಡ್ಡ ಚಕ್ರವನ್ನು ದಾಟಿ ಕಡ್ಡಿಗಳೊಳಗೆ ಇಳಿಯಿತು. ಜಗ್ಗಿ ತೆಗೆದಾಗ ಎರಡು ಕಡ್ಡಿ ಬಾಗಿದ್ದವು, ರಿಮ್ಮು ಕಂಬಳದ ಕೋಣದಂತೆ ಸೊಂಟ ತಿರುಗಿಸುತ್ತಿತ್ತು. ಕೊನೆಗೆ ಚೈನು ಬೀಳದೆ ಕೂತದ್ದು ಒಂದೇ ಒಂದು ಗೇರಿನಲ್ಲಿ. “ಈಗ ಗೇರೊಂದಕ್ಕೆ ಎಷ್ಟು ಬಿತ್ತು?” ಎಂದಳು ಹೆಂಡತಿ. ಅವಳಿಗೆ ಲೆಕ್ಕದಲ್ಲಿ ಆಸಕ್ತಿ ಹುಟ್ಟಿದ್ದು ಸಂತೋಷವೇ.

ನಡುವೆ ಹಾರ್ಡ್‌ವೇರ್ ಅಂಗಡಿಗೂ ನಮ್ಮ ಮನೆಗೂ ಸ್ನೇಹ ಬೆಳೆದಿತ್ತು. ಅಲೆನ್ ಕೀ ಸೆಟ್ 450, ಹದಿನೈದು ಎಂಎಂ ಸ್ಪ್ಯಾನರ್ 220. ಮನೆಯಲ್ಲಿದ್ದ ಅಪ್ಪನ ಕಾಲದ ಪಂಪಿನ ಮೂತಿ ಹಳೇ ಸೈಕಲ್ ವಾಲ್ವಿಗಷ್ಟೇ ಕಚ್ಚುತ್ತಿತ್ತು. ಇದರದ್ದು ಕಾರು, ಸ್ಕೂಟರಿನ ವಾಲ್ವು. ಹೊಸ ಪಂಪು 750. ಹೆಂಡತಿ ಇದನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದಲ್ಲಿ ‘500 ಉಳಿತಾಯ’ ಎಂಬ ತಲೆಬರಹದ ಕೆಳಗೆ ಬರೆದಿಟ್ಟಳು. ಸಲಕರಣೆ ಖರ್ಚಲ್ಲ, ಆಸ್ತಿ ಎಂದು ನಾನು ತಿದ್ದಿದೆ.

ಪ್ರಥಮ ಸವಾರಿಗೆ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಕೆಳಗೆ ನೆರೆದರು. ಪೆಡಲಿನ ಅನುಭವದಿಂದ ಪಾಠ ಕಲಿತಿದ್ದರಿಂದ ಹ್ಯಾಂಡಲಿನ ಬೋಲ್ಟುಗಳ ಮೇಲೆ ಬಲಪ್ರಯೋಗ ಮಾಡಿರಲಿಲ್ಲ, ಮೃದುವಾಗಿಯೇ ತಿರುಗಿಸಿದ್ದೆ. ಗೇಟಿನ ಕಡೆ ಹೊರಟೆ. ಎಡ ಪೆಡಲ್ ಕಳಚಿ ಬಿತ್ತು. ತಪ್ಪಿಸಿಕೊಳ್ಳಲು ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದೆ. ಹ್ಯಾಂಡಲ್ ಬಲಕ್ಕೆ ತಿರುಗಿತು. ಚಕ್ರ ಮಾತ್ರ ತನ್ನ ದಾರಿ ಬಿಡದೆ ನೆಟ್ಟಗೆ ವಾಚ್‌ಮನ್ ಕುರ್ಚಿಯ ಕಡೆ ನಡೆಯಿತು. ವಾಚ್‌ಮನ್ ಸಮಯಪ್ರಜ್ಞೆಯುಳ್ಳ ಮನುಷ್ಯ, ಕುರ್ಚಿ ಬಿಟ್ಟು ಎದ್ದಿದ್ದ. ರೈಟ್ ಸಹೋದರರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಸಮಯದಲ್ಲಿ ನಾನೂ ಅವರ ಆಸುಪಾಸಿನಲ್ಲೇ ಇದ್ದೆ. ದೂರದಲ್ಲಿ ಅವರದೇ ಮೇಲುಗೈ. ಅವರಿಗೆ ಸಮುದ್ರತೀರದ ಮರಳಿತ್ತು, ನನಗೆ ಇಂಟರ್‌ಲಾಕ್ ಕಲ್ಲು.

ಮರುದಿನ ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ಕೊನೆಯ ಹೊಂಗೆಮರದಡಿಯ ಸೈಕಲ್ ಶಾಪಿಗೆ ಹೋದೆ. ಮೇಸ್ತ್ರಿ ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಯಾರ್ ಸರ್ ಫಿಟ್ ಮಾಡಿದ್ದು?” ಎಂದ.

“ಅಂಗಡಿಯವರೇ” ಎಂದೆ.

“ಕೈಗೆ ಏನು ಬಂದಿತ್ತು ಸರ್ ಅವರಿಗೆ?”

“ನಾನೂ ಅದನ್ನೇ ಕೇಳಿದೆ” ಎಂದೆ. ಇಬ್ಬರೂ ಸೇರಿ ಈಗಿನ ಕಾಲದ ಹುಡುಗರನ್ನು ಮನಸಾರೆ ಬೈದೆವು.

ಬೈಯುತ್ತಲೇ ಅವನು ಬೋಲ್ಟು ಸಡಿಲಿಸಿ ಫೋರ್ಕನ್ನು ಅರ್ಧ ಸುತ್ತು ತಿರುಗಿಸಿದ. ಸೈಕಲ್ ಒಮ್ಮೆಲೇ ಉದ್ದವಾಯಿತು. ಥ್ರೆಡ್ ಸವೆದ ಎಡ ಕ್ರ್ಯಾಂಕ್ ತೆಗೆದು ಹೊಸದು ಹಾಕಿದ. ರಿಮ್ಮಿನ ಪಕ್ಕ ಹೆಬ್ಬೆರಳು ಹಿಡಿದು ಚಕ್ರ ತಿರುಗಿಸುತ್ತ, ಕಡ್ಡಿಯೊಂದನ್ನು ಅಲ್ಲಿ ಬಿಗಿದು ಇನ್ನೊಂದನ್ನು ಇಲ್ಲಿ ಸಡಿಲಿಸಿ ಬೆಂಡ್ ತೆಗೆದ. ಎರಡು ಸ್ಕ್ರೂಗಳನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದ. ಚೈನು ಗೇರಿನಿಂದ ಗೇರಿಗೆ ಸದ್ದಿಲ್ಲದೆ ಏರಿ ಇಳಿಯಿತು. ಪೆಟ್ಟಿಗೆಯ ಮೇಲಿನ 85 ಪರ್ಸೆಂಟ್ ವಿಚಾರ ಹೇಳಿದೆ. “ಅದು ಕಬ್ಬಿಣ ಸರ್. ಸೈಕಲ್ ಇರೋದು ಉಳಿದ ಹದಿನೈದರಲ್ಲಿ” ಎಂದ. ಬಿಲ್ಲು 1,150 ಆಯಿತು.

ದುಡ್ಡು ಎಣಿಸಿ ಕೊಟ್ಟು ಹೊರಟವನನ್ನು ಹತ್ತಿರ ಕರೆದು ದನಿ ತಗ್ಗಿಸಿದ. “ಸರ್, ನಿಮ್ಮ ಅಪಾರ್ಟ್‌ಮೆಂಟಲ್ಲಿ ಯಾರಾದ್ರೂ ಹೊಸ ಸೈಕಲ್ ತಂದ್ರೆ ಮೊದಲು ನೀವೇ ಫಿಟ್ ಮಾಡ್ಕೊಡಿ. ಆಮೇಲೆ ನನ್ನ ಹತ್ರ ಕಳಿಸಿ. ಬಿಲ್ಲಲ್ಲಿ ಹತ್ತು ಪರ್ಸೆಂಟ್ ನಿಮ್ಮದು.”

ನಾನು ಹದಿನೈದು ಕೇಳಿದೆ. ಹನ್ನೆರಡಕ್ಕೆ ಒಪ್ಪಂದವಾಯಿತು.